ಗಾಳಿ ಬಿಡಲು ಕಲಿತ ಹಾಯಿ

ಗಾಳಿ ಒಂದೇ ಸಮನೆ ಬೀಸದೆ ಹೊಡೆತ ಹೊಡೆತವಾಗಿ ಬರುವ ದಿನ ಹೊಸ ಹಾಯಿಯನ್ನು ಪರೀಕ್ಷೆಗೆ ಒಯ್ಯಬಾರದು ಎನ್ನುವುದು ತೊಂಬತ್ತರ ದಶಕದಲ್ಲಿ ನಮ್ಮ ಗುಂಪಿನ ಕಟ್ಟುನಿಟ್ಟಿನ ನಿಯಮವಾಗಿತ್ತು. ರೋಸ್ನೈಗರ್ ಎಂಬ ಊರಿನಲ್ಲಿ, ಹಲಗೆಗೆ ಹಾಯಿ ಕಟ್ಟಿ ಕಡಲಲ್ಲಿ ಓಡಿಸುವ ವಿಂಡ್‌ಸರ್ಫಿಂಗ್ ಆಟದ ಅಂಗಡಿಯ ಯಜಮಾನರು ನಮಗೆ ಕೊಡುತ್ತಿದ್ದ ಹಾಳೆಯ ನೆತ್ತಿಯಲ್ಲೇ ಅದನ್ನು ಬರೆದಿರುತ್ತಿದ್ದರು. ಇಬ್ಬರು ಎರಡು ಹಾಯಿ ಹಿಡಿದು ಅಕ್ಕಪಕ್ಕದಲ್ಲೇ ಹೊರಟರೂ ಒಬ್ಬನಿಗೆ 30 ನಾಟ್ ಗಾಳಿ ಸಿಕ್ಕಿ ಇನ್ನೊಬ್ಬನಿಗೆ 18 ಸಿಕ್ಕರೆ, ಯಾವುದು ಹಾಯಿಯ ಗುಣ, ಯಾವುದು ಗಾಳಿಯ ಗುಣ ಎಂದು ಬೇರ್ಪಡಿಸುವುದು ಹೇಗೆ ಎಂಬುದು ಅವರ ವಾದ. ಒಪ್ಪದೆ ಇರಲು ಕಾರಣವಿರಲಿಲ್ಲ. ಹದವಾದ ಗಾಳಿ ನೋಡಿ ಹೋಗುತ್ತಿದ್ದೆವು, ನಾಲ್ಕು ಸುತ್ತು ಹಾಕಿ ಬರುತ್ತಿದ್ದೆವು, ‘ವೇಗ ಚೆನ್ನಾಗಿದೆ, ಕೈಗೆ ಹಗುರ’ ಎಂದು ಬರೆದುಕೊಟ್ಟು ಚಹಾ ಕುಡಿಯುತ್ತಿದ್ದೆವು.

ಈಗ ಅಂಗಡಿ ಅವರ ಮಗಳ ಕೈಯಲ್ಲಿದೆ. ಅಕ್ಟೋಬರಿನಲ್ಲಿ ಅವಳ ಸಂದೇಶ ಬಂತು: ‘ಡಾಕ್, ನಾಳೆ ಗಾಳಿ ತೀರಾ ಕೆಟ್ಟದಾಗಿದೆ. ಹೊಸ ಹಾಯಿಗಳು ಬಂದಿವೆ. ಬರ್ತೀರಾ?’

ಅಪ್ಪನ ನಿಯಮವನ್ನು ಮಗಳು ತಲೆಕೆಳಗು ಮಾಡಿದ್ದಾಳೆ, ಮತ್ತು ಮಾಡಿದ್ದು ಸರಿ. ಸಮನಾದ ಗಾಳಿಯಲ್ಲಿ ಈಗ ಯಾವ ಕಂಪನಿಯ ಸಾಮಾನು ತೆಗೆದುಕೊಂಡರೂ ಚೆನ್ನಾಗಿಯೇ ಓಡುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಏನಾದರೂ ಅಂತರವಿದ್ದರೆ ಅದು ಕಾಣುವುದು ಗಾಳಿ ಹದಗೆಟ್ಟಾಗ ಮಾತ್ರ. ಮೂವತ್ತು ವರ್ಷಗಳಲ್ಲಿ ಈ ಆಟದ ಸಾಮಾನಿನಲ್ಲಿ ಏನು ಸುಧಾರಿಸಿತು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ವೇಗವಲ್ಲ, ತೂಕವೂ ಅಲ್ಲ. ಗಾಳಿಯ ಹೊಡೆತವನ್ನು ಮೊದಲು ನಮ್ಮ ತೋಳು ತಿನ್ನುತ್ತಿತ್ತು, ಈಗ ಬಟ್ಟೆ ತಿನ್ನುತ್ತದೆ.

ರೋಸ್ನೈಗರ್ ಇರುವುದು ವೇಲ್ಸ್‌ನ ವಾಯವ್ಯ ಮೂಲೆಯ ಆಂಗಲ್ಸೀ ದ್ವೀಪದ ಪಡುವಣ ದಡದಲ್ಲಿ. ಎದುರಿಗೆ ಐರಿಷ್ ಸಮುದ್ರ. ಊರಿನ ಬಡಗಣ ಮಗ್ಗುಲಿಗೆ ರಾಯಲ್ ಏರ್ ಫೋರ್ಸ್‌ನ ವ್ಯಾಲಿ ನೆಲೆ. ಅಲ್ಲಿ ಹಾಕ್ ವಿಮಾನಗಳಲ್ಲಿ ಪೈಲಟ್‌ಗಳಿಗೆ ತರಬೇತಿ. ನಾವು ನೀರಿನಲ್ಲಿದ್ದಾಗ ಅವು ತಲೆಯ ಮೇಲೆಯೇ ಇಳಿಯುತ್ತಿದ್ದವು. ಇದೇ ಹಾಕ್ ವಿಮಾನವನ್ನು ಆಮೇಲೆ ಬೆಂಗಳೂರಿನ ಎಚ್‌ಎಎಲ್ ಕಟ್ಟತೊಡಗಿತು, ಬೀದರಿನವರಿಗೆ ಅದರ ಸದ್ದು ದಿನನಿತ್ಯದ್ದಾಯಿತು. ನಾನು ಇಂಗ್ಲೆಂಡಿನ ವಾಯವ್ಯದ ಒಂದು ಆಸ್ಪತ್ರೆಗೆ ಅರಿವಳಿಕೆ ವೈದ್ಯನಾಗಿ ಬಂದ ಹೊಸತರಲ್ಲಿ ಇಲ್ಲಿಗೆ ಬರಬೇಕಾದರೆ ದ್ವೀಪದ ಉದ್ದಕ್ಕೂ ಹಳೆಯ ಎ5 ರಸ್ತೆಯಲ್ಲಿ ಲಾರಿಗಳ ಹಿಂದೆ ತೆವಳಬೇಕಿತ್ತು. ಅವೆಲ್ಲ ಹೋಲಿಹೆಡ್ ಬಂದರಿನಿಂದ ಹಡಗು ಹತ್ತಿ ಐರ್ಲೆಂಡಿಗೆ ಹೋಗುವವು. 2001ರಲ್ಲಿ ಎ55 ಜೋಡಿರಸ್ತೆ ದ್ವೀಪದ ಮೇಲೂ ಬಂದು ಆ ಕಷ್ಟ ತಪ್ಪಿತು. ದಾರಿ ಸಲೀಸಾಗುವ ಹೊತ್ತಿಗೆ ವಿಂಡ್‌ಸರ್ಫಿಂಗ್ ಮಾಡುವವರೇ ಕಡಿಮೆಯಾಗಿದ್ದರು ಎನ್ನುವುದು ಬೇರೆ ಮಾತು.

ಗಾಳಿಯ ಸುದ್ದಿ ಆಗ ರೇಡಿಯೊದಲ್ಲಿ ಬರುತ್ತಿತ್ತು. ಬಿಬಿಸಿ ರೇಡಿಯೊ 4ರಲ್ಲಿ ಬೆಳಗಿನ ಜಾವ ಹಡಗಿನವರಿಗೆಂದು ಓದುವ ಮುನ್ಸೂಚನೆಯಲ್ಲಿ ‘ಐರಿಷ್ ಸೀ’ ಎಂಬ ಹೆಸರು ಬರುವವರೆಗೂ ರಾತ್ರಿಪಾಳಿ ಮುಗಿಸಿದ ಕಣ್ಣು ತೆರೆದುಕೊಂಡೇ ಇರುತ್ತಿತ್ತು. ನೈಋತ್ಯ ಗಾಳಿ, ಬಲ ಆರರಿಂದ ಎಂಟು ಎಂದರೆ ಮನೆಗೆ ಹೋಗಿ ಮಲಗುವ ಬದಲು ಕಾರಿನ ತಲೆಯ ಮೇಲೆ ಬೋರ್ಡ್ ಕಟ್ಟುವುದು. ‘ಗಾಳಿ ಬಂದ್ರೆ ಸಾಕು, ಇವರಿಗೆ ನಿದ್ದೆನೂ ಬೇಡ, ಊಟನೂ ಬೇಡ’ ಎಂದು ಹೆಂಡತಿ ನಮ್ಮ ಅತ್ತಿಗೆಗೆ ಫೋನಿನಲ್ಲಿ ಹೇಳುತ್ತಿದ್ದುದು ನನಗೂ ಕೇಳುವಷ್ಟು ಗಟ್ಟಿಯಾಗಿಯೇ ಇರುತ್ತಿತ್ತು. ಅಲ್ಲಿ ಸೇರಿದ ಮೇಲೆ ಗಾಳಿ ಸತ್ತುಹೋಗಿರುವುದೂ ಮಾಮೂಲು. ಈಗ ಫೋನು ತೆಗೆದರೆ ವಿಂಡ್‌ಗುರು ಮುಂದಿನ ವಾರದ ಗಾಳಿಯನ್ನೂ ಗಂಟೆಗಂಟೆಗೆ ಕಟ್ಟಿಕೊಡುತ್ತದೆ. ಸರಾಸರಿ ಒಂದು ಸಾಲಿನಲ್ಲಿ, ಹೊಡೆತ ಇನ್ನೊಂದು ಸಾಲಿನಲ್ಲಿ. ಎರಡು ಸಾಲಿನ ನಡುವೆ ಅಂತರ ಹೆಚ್ಚಿದ್ದಷ್ಟೂ ಅಂಗಡಿಯ ಹುಡುಗಿಗೆ ಖುಷಿ.

ನಾನು ಮರವಂತೆಯ ಕಡೆಯವನು. ಕಡಲು ನನಗೆ ಹೊಸದಲ್ಲ, ಆದರೆ ಗಾಳಿಯಿರುವ ಕಡಲಿಗೆ ಇಳಿಯುವುದು ನಮ್ಮಲ್ಲಿ ಯಾರೂ ಮಾಡುವ ಕೆಲಸವಲ್ಲ. ಮುಂಗಾರಿನ ಗಾಳಿ ಎದ್ದರೆ ದೋಣಿಗಳು ಮೇಲೇರಿ ಕೂರುತ್ತವೆ. ಜೂನ್, ಜುಲೈ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧ. ಅಮ್ಮನಿಗೆ ಮೊದಲ ಸಲ ಫೋನಿನಲ್ಲಿ ಈ ಆಟದ ವಿಷಯ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: ‘ಗಾಳಿ ಬಪ್ಪತಿಗೆ ದೋಣಿಯರೇ ಕಡ್ಲಿಗ್ ಇಳೂದಿಲ್ಲೆ. ನೀ ಎಂತಕ್ಕ್ ಇಳೂದ್? ಮಂಡಿ ಸಮ ಇತ್ತಾ?’ ನಮ್ಮ ಕರಾವಳಿಯಲ್ಲಿ ಈ ಆಟ ಬೇರೂರದೆ ಇದ್ದುದಕ್ಕೆ ಅಮ್ಮನ ಪ್ರಶ್ನೆಯಲ್ಲೇ ಉತ್ತರವೂ ಇದೆ. ಚಳಿಗಾಲ, ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಎದ್ದು ಸಂಜೆಗೆ ಅಡಗುವ ತೆಳು ಗಾಳಿ. ಮಳೆಗಾಲದಲ್ಲಿ ನೇರ ದಡಕ್ಕೆ ನುಗ್ಗುವ ಗಾಳಿ, ದಡದಲ್ಲೇ ಕುಸಿದು ಬೀಳುವ ಅಲೆ. ಎರಡರ ನಡುವಿನ ಹದ ಸಿಗುವುದು ಕಷ್ಟ. ಮೂಲ್ಕಿ, ಸಸಿಹಿತ್ಲುವಿನಲ್ಲಿ ಬರೀ ಅಲೆ ಸಾಕಾಗುವ ಸರ್ಫಿಂಗ್ ಬೇರು ಬಿಟ್ಟಿದ್ದು ಸಹಜವೇ.

ಆ ತೊಂಬತ್ತರ ದಶಕದ ಸಾಮಾನಿನ ಬಗ್ಗೆ ಸ್ವಲ್ಪ ಹೇಳಬೇಕು. ಅಲೆಯಲ್ಲಿ ಓಡಿಸುವ ಬೋರ್ಡ್ ಎಂದರೆ ಸುಮಾರು 2.6 ಮೀಟರ್ ಉದ್ದ, 55 ಸೆಂಟಿಮೀಟರ್ ಅಗಲ, ಬಾಲ ಕಿರಿದು. ಬಾಲದ ಕೆಳಗೆ ಒಂದೇ ಒಂದು ದೊಡ್ಡ ಫಿನ್. ಹಾಯಿಯ ಕಂಬವಾದ ಮಾಸ್ಟ್ ತೋರ, ಕಾರ್ಬನ್ ಎಂಬ ಪದವನ್ನು ಅದರ ಮೇಲೆ ದೊಡ್ಡದಾಗಿ ಬರೆದಿದ್ದರೂ ಒಳಗೆ ಹೆಚ್ಚಿನ ಪಾಲು ಗಾಜಿನ ನಾರು. ಕೈಯಲ್ಲಿ ಹಿಡಿಯುವ ಬೂಮ್ ಅಲ್ಯೂಮಿನಿಯಂನದು. ಅದಕ್ಕೂ ಹಿಂದಿನವರು ಬೂಮನ್ನು ಮಾಸ್ಟಿಗೆ ಹಗ್ಗದಲ್ಲಿ ಬಿಗಿಯುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಒತ್ತಿ ಕೂರಿಸುವ ಹಿಡಿಕೆ ಬಂದಾಗಿತ್ತು. ಹಾಯಿ ಮೋನೊಫಿಲ್ಮ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯದು. ಬಿಸಿಲಿಗೆ ಒಂದೆರಡು ವರ್ಷ ಇಟ್ಟರೆ ಹಳದಿಯಾಗಿ ಪೆಡಸಾಗುತ್ತಿತ್ತು. ಮೊಣಕೈ ತಾಗಿದರೆ ಸಾಕು, ಮೇಲಿಂದ ಕೆಳಗಿನವರೆಗೆ ಪರ್ರನೆ ಹರಿಯುತ್ತಿತ್ತು.

ಈ ಹಾಯಿಯ ಹಿಂಬದಿಯ ಅಂಚನ್ನು ಲೀಚ್ ಎನ್ನುತ್ತಾರೆ. ಕತೆಯೆಲ್ಲ ಇರುವುದು ಅಲ್ಲೇ. ನಾವು ಹಾಯಿ ಕಟ್ಟುತ್ತಿದ್ದ ಮೊದಲ ವರ್ಷಗಳಲ್ಲಿ ಲೀಚ್ ಬಿಗಿಯಾಗಿ ನಿಂತರೆ ಹಾಯಿ ಸರಿಯಾಗಿ ಕಟ್ಟಿದೆ ಎಂದು ಅರ್ಥ. ಸುಕ್ಕು ಕಾಣಿಸಿದರೆ ಅವಮಾನ. ಬಿಗಿಯಾದ ಹಾಯಿ ಸಮನಾದ ಗಾಳಿಯಲ್ಲಿ ಸೊಗಸಾಗಿ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಹೊಡೆತ ಬಂದಾಗ ಕಾಣಬೇಕು. ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ: 18 ನಾಟ್ ಇದ್ದದ್ದು 30 ಆದರೆ ವೇಗ ದುಪ್ಪಟ್ಟೂ ಆಗಿರುವುದಿಲ್ಲ, ಒತ್ತಡ ಮಾತ್ರ ಸುಮಾರು 2.8 ಪಟ್ಟು. ಮಳೆಗಾಲದಲ್ಲಿ ಕೊಡೆ ಹಿಡಿದು ಮರವಂತೆಯ ರಸ್ತೆಯಲ್ಲಿ ನಡೆದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬಿಗಿ ಹಾಯಿಗೆ ಆ ಹೆಚ್ಚಿನ ಗಾಳಿಯನ್ನು ಹೊರಬಿಡಲು ದಾರಿ ಇರಲಿಲ್ಲ. ಹಾಯಿಯ ಹೊಟ್ಟೆ ಹಿಂದಕ್ಕೂ ಮೇಲಕ್ಕೂ ಸರಿಯುತ್ತಿತ್ತು, ಹಿಂದಿನ ಕೈಗೆ ತಟ್ಟನೆ ಭಾರ ಬೀಳುತ್ತಿತ್ತು. ಆ ಕೈ ತಾಳಿದರೆ ಬೋರ್ಡ್ ಚಿಮ್ಮಿ ಓಡುತ್ತಿತ್ತು. ತಾಳದಿದ್ದರೆ, ಸೊಂಟದ ಹಾರ್ನೆಸ್ ಕೊಕ್ಕೆ ಬೂಮಿನ ಹಗ್ಗಕ್ಕೆ ಸಿಕ್ಕಿಕೊಂಡೇ ಇರುವುದರಿಂದ, ಮನುಷ್ಯ ಮಾಸ್ಟಿನ ಆಚೆಗೆ ಬೋರ್ಡಿನ ಮೂತಿಯ ಮೇಲೆ ಹೋಗಿ ಬೀಳುತ್ತಿದ್ದ. ಮೂಗು, ಪಕ್ಕೆಲುಬು, ಬೋರ್ಡಿನ ಮೂತಿ ಈ ಮೂರರಲ್ಲಿ ಯಾವುದಕ್ಕೆ ಪೆಟ್ಟು ಎನ್ನುವುದು ಅವರವರ ಅದೃಷ್ಟ.

ನನಗೆ ಮುಂಗೈಯದ್ದೇ ತೊಂದರೆ. ಬೂಮನ್ನು ಬಿಗಿಯಾಗಿ ಹಿಡಿದೇ ಇದ್ದರೆ ಮುಂಗೈಯ ಸ್ನಾಯು ರಕ್ತ ತುಂಬಿ ಉಬ್ಬುತ್ತದೆ. ಅದನ್ನು ಸುತ್ತಿದ ಪೊರೆ ಅಷ್ಟು ಹಿಗ್ಗುವುದಿಲ್ಲ, ಒಳಗಿನ ಒತ್ತಡ ಏರಿ ರಕ್ತದ ಓಡಾಟವೇ ನಿಧಾನವಾಗುತ್ತದೆ. ಚಳಿಗಾಲದ ಕೊನೆಗೆ ಇಲ್ಲಿಯ ನೀರು 8 ಡಿಗ್ರಿಗೆ ಇಳಿದಿರುತ್ತದೆ. ಆ ತಣ್ಪಿಗೆ ಬೆರಳು ಮೊದಲೇ ಮರಗಟ್ಟಿರುತ್ತದೆ. ಭಾನುವಾರ ಅಂಥ ಗಾಳಿಯಲ್ಲಿ ಕಳೆದರೆ ಸೋಮವಾರ ಬೆಳಿಗ್ಗೆ ಥಿಯೇಟರಿನಲ್ಲಿ ಲಾರಿಂಗೋಸ್ಕೋಪ್ ಎತ್ತಿದ ಎಡಗೈ ಸಣ್ಣಗೆ ನಡುಗುತ್ತಿತ್ತು. ಪಕ್ಕದ ನರ್ಸ್ ಒಮ್ಮೆ ನನ್ನ ಕೈಯನ್ನೂ ಮುಖವನ್ನೂ ನೋಡಿ, ‘ನಿನ್ನೆ ಪಾರ್ಟಿ ಜೋರಿತ್ತಾ ಡಾಕ್ಟರ್?’ ಎಂದಳು. ಅಂದಿನಿಂದ ಕೆಲಸದ ಹಿಂದಿನ ದಿನ ಕೆಟ್ಟ ಗಾಳಿಗೆ ಇಳಿಯುವುದನ್ನು ಬಿಟ್ಟೆ.

ಬದಲಾವಣೆ ಬಂದದ್ದು ತೊಂಬತ್ತರ ದಶಕದ ನಡುವೆ. ಹಾಯಿಯನ್ನು ಕೆಳಕ್ಕೆ ಜಗ್ಗುವ ಡೌನ್‌ಹಾಲ್ ಹಗ್ಗವನ್ನು ಮೊದಲಿಗಿಂತ ಬಹಳ ಬಿಗಿಯಾಗಿ ಎಳೆಯಿರಿ ಎಂಬ ಸೂಚನೆ ಹಾಯಿಯ ಚೀಲದ ಮೇಲೆಯೇ ಬರತೊಡಗಿತು. ಹಾಗೆ ಎಳೆದರೆ ಮಾಸ್ಟ್ ಬಾಗಿ, ಲೀಚಿನ ಮೇಲಿನ ಭಾಗ ಸಡಿಲವಾಗಿ ಜೋಲುತ್ತದೆ. ಯಜಮಾನರು ಮೊದಲ ಹಾಯಿಯನ್ನು ಹಾಗೆ ಕಟ್ಟಿ ಹುಲ್ಲಿನ ಮೇಲೆ ಮಲಗಿಸಿದಾಗ ನಾವೆಲ್ಲ ನಕ್ಕಿದ್ದೆವು. ಹೊಲಿಗೆ ಕೆಟ್ಟ ಹಾಯಿ ಕಂಡಂತೆ ಕಂಡಿತ್ತು ಅದು. ಕಡಲಿನಲ್ಲಿ ಅದು ಮಾಡುವ ಕೆಲಸವೇ ಬೇರೆ. ಹೊಡೆತ ಬಂದ ಕ್ಷಣಕ್ಕೆ ಮಾಸ್ಟಿನ ತುದಿ ಹಿಂದಕ್ಕೆ ಬಾಗುತ್ತದೆ, ಹಾಯಿಗೆ ಅಡ್ಡಲಾಗಿ ಹಾಕಿದ ಬ್ಯಾಟನ್ ಎಂಬ ಕಡ್ಡಿಗಳಲ್ಲಿ ಮೇಲಿನ ಎರಡರ ನಡುವಿನ ಬಟ್ಟೆ ಹೊರಳಿ ಗಾಳಿಗೆ ದಾರಿ ಕೊಡುತ್ತದೆ, ಕೆಳಗಿನ ಭಾಗ ಮಾತ್ರ ದುಡಿಯುತ್ತಿರುತ್ತದೆ. ಹೊಡೆತ ದಾಟಿದೊಡನೆ ಮಾಸ್ಟ್ ಮತ್ತೆ ನೆಟ್ಟಗಾಗಿ ಬಟ್ಟೆ ಮುಚ್ಚಿಕೊಳ್ಳುತ್ತದೆ. ಇಷ್ಟೂ ನಡೆಯುವುದು ನಮ್ಮ ಮೆದುಳಿಗೆ ಸುದ್ದಿ ತಲುಪುವುದರೊಳಗೆ.

ಇದನ್ನು ಕಂಡುಹಿಡಿದವರು ಯಾರು ಎಂದು ಒಬ್ಬರನ್ನು ತೋರಿಸುವುದು ಕಷ್ಟ. ಈ ಆಟದ ಇತಿಹಾಸದಲ್ಲೇ ‘ಮೊದಲು ಮಾಡಿದವರು’ ಎನ್ನುವ ಜಗಳ ಹಳೆಯದು. ಅಮೆರಿಕದ ಹಾಯ್ಲ್ ಷ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಅರವತ್ತರ ದಶಕದ ಕೊನೆಗೆ ಪೇಟೆಂಟ್ ಹಾಕಿದರು. ಡ್ರೇಕ್ ವಿಮಾನ-ಕ್ಷಿಪಣಿಗಳ ಎಂಜಿನಿಯರ್. ಅದಕ್ಕೂ ಮೊದಲೇ, 1965ರಲ್ಲಿ, ನ್ಯೂಮನ್ ಡಾರ್ಬಿ ಪಾಪ್ಯುಲರ್ ಸೈನ್ಸ್ ಪತ್ರಿಕೆಯಲ್ಲಿ ಇಂಥದೇ ಹಲಗೆಯ ಬಗ್ಗೆ ಬರೆದಿದ್ದರು. ಬ್ರಿಟನ್ನಿನಲ್ಲಿ ಮೊಕದ್ದಮೆ ನಡೆದಾಗ ಇನ್ನೂ ಹಿಂದಿನದು ಹೊರಬಂತು: 1958ರಲ್ಲಿ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಹಲಗೆಗೆ ಹಾಯಿ ಕಟ್ಟಿ ಓಡಿಸಿದ್ದ. 1985ರಲ್ಲಿ ಬಂದ ತೀರ್ಪು ಪೇಟೆಂಟನ್ನು ಅಸಿಂಧು ಮಾಡಿತು. ಆ ಹುಡುಗನ ಬೂಮ್ ನೇರವಾದ ಕಟ್ಟಿಗೆ, ಪೇಟೆಂಟಿನದು ಬಿಲ್ಲಿನಂತೆ ಬಾಗಿದ್ದು ಎಂದು ಕಂಪನಿಯ ಕಡೆಯವರು ವಾದಿಸಿದರೆ, ಗಾಳಿ ತುಂಬಿದಾಗ ಹುಡುಗನ ಕಟ್ಟಿಗೆಯೂ ಬಾಗುತ್ತಿತ್ತು ಎನ್ನುವುದು ಲೆಕ್ಕಕ್ಕೆ ಬಂತು. ನಮ್ಮ ಯಜಮಾನರಿಗೆ ಈ ಕತೆ ಬಾಯಿಪಾಠ. ಗಿರಾಕಿ ಬೆಲೆ ಇಳಿಸಿ ಎಂದಾಗಲೆಲ್ಲ ಅವರು ಇದನ್ನು ಶುರುಮಾಡುತ್ತಿದ್ದರು, ಕತೆ ಮುಗಿಯುವಷ್ಟರಲ್ಲಿ ಗಿರಾಕಿ ಸುಸ್ತಾಗಿ ದುಡ್ಡು ಕೊಡುತ್ತಿದ್ದ.

ಅಕ್ಟೋಬರಿನ ಆ ದಿನ ನೈಋತ್ಯದ ಮಳೆ ಹಿಂದಿನ ರಾತ್ರಿಯೇ ದಾಟಿಹೋಗಿತ್ತು. ಅದರ ಬೆನ್ನಿಗೆ ಬರುವ ತಣ್ಣನೆಯ ಪಡುಗಾಳಿ ಇದ್ದುದರಲ್ಲೇ ಕೆಟ್ಟದ್ದು. ಬಿಡಿಬಿಡಿಯಾದ ಮಳೆಮೋಡಗಳು ಕಡಲ ಮೇಲಿಂದ ಒಂದೊಂದಾಗಿ ಬರುತ್ತವೆ. ಒಂದೊಂದರ ಮೂತಿಯಲ್ಲೂ ಒಂದೊಂದು ಹೊಡೆತ, ಅದು ದಾಟಿದ ಮೇಲೆ ಗಾಳಿಯೇ ಇಲ್ಲದ ಗುಂಡಿ. ಸರಾಸರಿ 22 ನಾಟ್, ಹೊಡೆತ 36 ಎಂದು ಫೋನು ತೋರಿಸುತ್ತಿತ್ತು. ಅಲೆ ಎದೆಯೆತ್ತರ, ಸಾಲು ಸರಿಯಿಲ್ಲ. ರೋಸ್ನೈಗರ್‌ನ ಅಲೆ ಹವಾಯಿಯ ಅಲೆಯಲ್ಲ ಎಂದು ಹೇಳಿಬಿಡುವುದು ಒಳ್ಳೆಯದು. ಗಾಳಿ ಅಲೆಯ ಬೆನ್ನ ಮೇಲೇ ಬರುವುದರಿಂದ ಅಲೆ ಬೇಗ ಒಡೆಯುತ್ತದೆ. ಸಿಕ್ಕಷ್ಟು ಹೊತ್ತಿನಲ್ಲಿ ಒಂದೆರಡು ತಿರುವು ತೆಗೆಯುವುದು, ಅಷ್ಟೇ. ಕೊಲ್ಲಿಯಲ್ಲಿ ಅಲ್ಲಲ್ಲಿ ಬಂಡೆಗಳಿವೆ. ಭರತ ಇಳಿಯುವಾಗ ಯಾವ ಬಂಡೆ ಎಲ್ಲಿ ತಲೆಯೆತ್ತುತ್ತದೆ ಎಂದು ಗೊತ್ತಿಲ್ಲದವರು ಫಿನ್ ಕಳೆದುಕೊಂಡು ತಿಳಿಯುತ್ತಾರೆ.

ನೀರಿಗೆ ಇಳಿಯಲು ನಾವಿದ್ದದ್ದು ಮೂವರು. ನಾನು, ಅಂಗಡಿಯ ಹುಡುಗಿ, ಮತ್ತೆ ಮೊದಲಿನಿಂದಲೂ ನಮ್ಮ ಜೊತೆಗಿದ್ದ, ಈಗ ನಿವೃತ್ತನಾದ ಸ್ಕೂಲು ಮೇಷ್ಟ್ರು. ಮೇಷ್ಟ್ರಿಗೆ ಹಳೆಯದೆಂದರೆ ಪ್ರಾಣ. ‘ಆಗಿನ ಬೋರ್ಡಿನಲ್ಲಿ ಜೀವ ಇತ್ತು, ಇವೆಲ್ಲ ಆಟಿಕೆ’ ಎನ್ನುವುದು ಅವನ ಪಲ್ಲವಿ. ಹುಡುಗಿ ಅದನ್ನು ಕೇಳಿ ಕೇಳಿ ಬೇಸತ್ತು, ಗೋದಾಮಿನ ಅಟ್ಟದಲ್ಲಿ ಅಪ್ಪ ಬಿಟ್ಟುಹೋಗಿದ್ದ 1993ರ ಬೋರ್ಡ್ ಮತ್ತು ಅದರ ಜೊತೆಯ ಐದು ಬ್ಯಾಟನ್ನಿನ 4.5 ಚದರ ಮೀಟರಿನ ಹಾಯಿಯನ್ನು ಕೆಳಗಿಳಿಸಿ ತಂದಿದ್ದಳು. ಪಕ್ಕದಲ್ಲಿ ಅದೇ ಅಳತೆಯ ಎರಡು ಹೊಸ ಹಾಯಿ: ಒಂದಕ್ಕೆ ನಾಲ್ಕು ಬ್ಯಾಟನ್, ಇನ್ನೊಂದಕ್ಕೆ ಮೂರೇ. ಹೊಸ ಬೋರ್ಡ್ 2.25 ಮೀಟರ್ ಉದ್ದ, 58 ಸೆಂಟಿಮೀಟರ್ ಅಗಲ, ಬಾಲದ ಕೆಳಗೆ ಮೂರು ಫಿನ್: ನಡುವೆ ಒಂದು ದೊಡ್ಡದು, ಎರಡು ಬದಿಗೆ ಎರಡು ಚಿಕ್ಕವು.

ಹಳೆಯ ಹಾಯಿಯನ್ನು ಮೊದಲು ಮೇಷ್ಟ್ರೇ ಒಯ್ದ. ದಡದಿಂದ ನೋಡುತ್ತಿದ್ದವರಿಗೆ ಮೊದಲ ಓಟ ಚೆನ್ನಾಗಿಯೇ ಕಂಡಿತು. ಗಾಳಿ ಕುಸಿದ ಗುಂಡಿಯಲ್ಲಿ ಹೊಸ ಬೋರ್ಡಿನವಳು ನಿಂತುಬಿಟ್ಟಾಗ ಇವನ ಉದ್ದನೆಯ ಬೋರ್ಡ್ ತನ್ನ ಓಟದಲ್ಲೇ ಜಾರಿಕೊಂಡು ಮುಂದೆ ಹೋಯಿತು. ಕೆದರಿದ ನೀರನ್ನು ಅದರ ಕಿರಿದಾದ ಮೈ ಸೀಳಿಕೊಂಡು ಹೋಗುತ್ತಿತ್ತು. ಅಗಲದ ಹೊಸ ಬೋರ್ಡ್ ಅದೇ ನೀರಿನ ಮೇಲೆ ತಪತಪನೆ ಬಡಿಯುತ್ತಿತ್ತು. ಇಷ್ಟು ಮಾತ್ರ ನಿಜ, ಮೇಷ್ಟ್ರ ಪಲ್ಲವಿಗೆ ಇಷ್ಟು ಆಧಾರವಿದೆ. ಆಮೇಲೆ ಮೋಡ ಬಂತು. ನೀರಿನ ಮೇಲೆ ಕಪ್ಪು ಸುಕ್ಕು ಓಡಿಬರುವುದು ನಮಗೂ ಕಾಣುತ್ತಿತ್ತು, ಅವನಿಗೂ ಕಂಡಿರಬೇಕು. ಹಾಯಿ ಹೊಟ್ಟೆ ಉಬ್ಬಿಸಿಕೊಂಡು ಹಾಗೇ ನಿಂತಿತು. ಅವನ ಹಿಂದಿನ ಕೈ ನೆಟ್ಟಗಾಯಿತು, ಭುಜ ಎದ್ದಿತು. ಅಷ್ಟರಲ್ಲಿ ಒಂಟಿ ಫಿನ್ನಿನ ಸುತ್ತ ಗಾಳಿಗುಳ್ಳೆ ಹೊಕ್ಕು ಹಿಡಿತ ತಪ್ಪಿ ಬೋರ್ಡಿನ ಬಾಲ ಪಕ್ಕಕ್ಕೆ ಜಾರಿತು. ಮುಂದಿನದು ಮಾಮೂಲು. ಕಾಲು ಸ್ಟ್ರಾಪಿನಿಂದ ಬಿಟ್ಟುಕೊಂಡು ಮೇಷ್ಟ್ರು ಹಾಯಿಯ ಮೇಲಿಂದ ಆಚೆ ಹೋದ.

ತಿರುಗಿ ಬಂದಾಗ ಅವನು ಜೀವದ ಮಾತು ಎತ್ತಲಿಲ್ಲ. ‘ಫಿನ್ ಸಣ್ಣದಾಯ್ತು’ ಎಂದ. ಮೂವತ್ತು ವರ್ಷದ ಹಿಂದೆ ಸಹ ಅವನು ಹಾಗೆಯೇ ಹೇಳುತ್ತಿದ್ದ.

ನಾನು ಅದೇ ಸಾಮಾನು ತೆಗೆದುಕೊಂಡು ಹೋಗಿ ಸ್ವಲ್ಪ ಹೊತ್ತಿಗೇ ಹಿಂದಿರುಗಿದೆ. ಹೊಸದನ್ನು ಹಿಡಿದು ಹೊರಟ ಮೇಲೆ ಇದು ಅದೇ ಕಡಲೇ ಎನಿಸಿತು. ನಾಲ್ಕು ಬ್ಯಾಟನ್ನಿನ ಹಾಯಿಗೆ ಮುಂದಿನ ಮೋಡದ ಹೊಡೆತ ಬಡಿದಾಗ ನಾನು ಬೇಕೆಂದೇ ಏನೂ ಮಾಡದೆ ಹಾರ್ನೆಸ್‌ಗೆ ಮೈಬಿಟ್ಟು ನಿಂತು ತಲೆಯೆತ್ತಿ ನೋಡಿದೆ. ಹಾಯಿಯ ತುದಿ ಹೊರಳಿ, ಮೇಲಿನ ಬಟ್ಟೆ ಪಟಪಟ ಹೊಡೆದುಕೊಂಡಿತು. ಮಾಸ್ಟ್ ಬಾಗಿದ್ದು ಕಣ್ಣಿಗೆ ಕಾಣುವಷ್ಟು. ಕೈಗೆ ತಲುಪಿದ್ದು ಒಂದು ತಳ್ಳು, ಅಷ್ಟೇ. ಅದು ಕೂಡ ಮುಂದಿನ ಕೈಗೇ ಹೆಚ್ಚು, ಹಿಂದಿನದಕ್ಕಲ್ಲ. ಬೋರ್ಡ್ ವೇಗ ಏರಿಸಿಕೊಂಡು ಹೋಯಿತು, ಮೂರು ಫಿನ್‌ಗಳಲ್ಲಿ ಒಂದರ ಹಿಡಿತ ಸಡಿಲವಾದರೂ ಉಳಿದೆರಡು ಬಾಲವನ್ನು ಬಿಟ್ಟುಕೊಡಲಿಲ್ಲ. ಅಲೆಯ ಬೆನ್ನೇರಿ ಕೆಳಕ್ಕೆ ತಿರುಗಿಸಿದಾಗ ಅಗಲ ಬಾಲದ ಗಿಡ್ಡ ಬೋರ್ಡ್ ನಿಂತ ಕಾಲಿನ ಕೆಳಗೇ ತಿರುಗಿತು. ಹಳೆಯದಕ್ಕೆ ಅಷ್ಟು ತಿರುಗಲು ಅಲೆಯ ಅರ್ಧ ಬೇಕಾಗುತ್ತಿತ್ತು. ನಮ್ಮ ಕಡಲಿನ ಅಲೆಯಲ್ಲಿ ಅರ್ಧ ಕಳೆದರೆ ಉಳಿಯುವುದು ನೊರೆ.

ಮೂರು ಬ್ಯಾಟನ್ನಿನದು ಇನ್ನೂ ಹಗುರ. ತಿರುವಿನಲ್ಲಿ ಹಾಯಿ ಕೈಯಲ್ಲಿದೆಯೋ ಇಲ್ಲವೋ ಎಂದು ಮರೆಯುವಷ್ಟು. ಆದರೆ 30 ದಾಟಿದ ಹೊಡೆತದಲ್ಲಿ ಅದರ ಹೊಟ್ಟೆ ಹಿಂದಕ್ಕೆ ಸ್ವಲ್ಪ ಸರಿಯಿತು, ಹಿಂದಿನ ಕೈಗೆ ಹಳೆಯ ಪರಿಚಯದ ಭಾರ ಬಂತು. ಬ್ಯಾಟನ್ ತೆಗೆದರೆ ತೂಕ ಇಳಿಯುತ್ತದೆ, ಜೊತೆಗೆ ಹಾಯಿಗೆ ಆಕಾರ ಕೊಡುವ ಬೆನ್ನೆಲುಬೂ ಒಂದು ಕಡಿಮೆಯಾಗುತ್ತದೆ. ಇದು ಸಮನಾದ ಗಾಳಿಯಲ್ಲಿ ಇಡೀ ದಿನ ಓಡಿಸಿದರೂ ತಿಳಿಯುತ್ತಿರಲಿಲ್ಲ.

ಮಾಸ್ಟಿನ ವಿಷಯದಲ್ಲಿ ನನಗೆ ಹಳೆಯ ಸಿಟ್ಟೊಂದಿದೆ. ಆಗ ‘ಅಲೆಗೆಂದೇ ಮಾಡಿದ್ದು’ ಎಂದು ಬರೆದಿದ್ದ ದುಬಾರಿ ಮಾಸ್ಟ್ ಕೊಂಡಿದ್ದೆ. ದಡದಿಂದ ದೂರದಲ್ಲಿ, ಬಂದೂಕು ಸಿಡಿದ ಸದ್ದಿನೊಡನೆ ಅದು ಬೂಮಿನ ಬಳಿ ಎರಡು ತುಂಡಾಯಿತು. ಇಲ್ಲಿಯ ಗಾಳಿ ಹೆಚ್ಚಾಗಿ ದಡದ ಕಡೆಗೇ ಬೀಸುವುದರಿಂದ ಈಜುತ್ತ ತೇಲುತ್ತ ಹೊರಬರುವುದು ಬೇಸರದ ಕೆಲಸವೇ ಹೊರತು ಅಪಾಯದ್ದಲ್ಲ. ವ್ಯಾಲಿ ನೆಲೆಯ ಹಳದಿ ರಕ್ಷಣಾ ಹೆಲಿಕಾಪ್ಟರ್ ಮೇಲೆ ಒಂದು ಸುತ್ತು ಹಾಕಿತು. ನಾನು ಕೈಬೀಸಿ ಬೇಡ ಎಂದೆ. ಕಂಪನಿಗೆ ಬರೆದರೆ, ಅಲೆಯಲ್ಲಿ ಬಳಸಿ ಮುರಿದದ್ದಕ್ಕೆ ಖಾತರಿ ಇಲ್ಲ ಎಂಬ ಉತ್ತರ ಬಂತು. ಅಲೆಗೆಂದೇ ಮಾಡಿದ ಮಾಸ್ಟನ್ನು ಎಲ್ಲಿ ಬಳಸಬೇಕಿತ್ತು ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಈಗಿನವು ಸಣ್ಣ ವ್ಯಾಸದವು. ಹಳೆಯದರ ಬುಡದ ಒಳವ್ಯಾಸ ಸುಮಾರು 48 ಮಿಲಿಮೀಟರ್, ಇದರದು 32. ತೆಳ್ಳಗಿರುವುದರಿಂದ ಮುರಿಯುತ್ತದೆ ಎಂದು ಮೊದಲು ಎಲ್ಲರೂ ಹೆದರಿದ್ದರು. ಗೋಡೆ ದಪ್ಪವಾಗಿರುವುದರಿಂದ ಅಲೆಯ ಏಟಿಗೆ ಇದೇ ಹೆಚ್ಚು ತಾಳುತ್ತದೆ, ನೀರಿನಲ್ಲಿ ಕೈಹಿಡಿತಕ್ಕೂ ಸಿಗುತ್ತದೆ. ಆ ಹಳದಿ ಹೆಲಿಕಾಪ್ಟರ್ ಮಾತ್ರ ಈಗಿಲ್ಲ. 2015ರಲ್ಲಿ ಆ ಕೆಲಸ ವಾಯುಪಡೆಯಿಂದ ಕೋಸ್ಟ್‌ಗಾರ್ಡ್‌ಗೆ ಹೋಯಿತು, ಹೆಲಿಕಾಪ್ಟರ್ ಕರ್ನಾರ್ವನ್‌ನಿಂದ ಏಳುತ್ತದೆ.

ಈ ಸುಧಾರಣೆಗೆ ಬೆಲೆಯೂ ಇದೆ. ಹೊಸ ಬೋರ್ಡ್ ಒಂದಕ್ಕೆ 2000 ಪೌಂಡ್ ದಾಟುತ್ತದೆ. ಹಾಯಿ, ಮಾಸ್ಟ್, ಕಾರ್ಬನ್ ಬೂಮ್ ಸೇರಿಸಿದರೆ ಹಳೆಯ ಕಾರು ಬರುತ್ತದೆ. ಆಗ ಹರಿದ ಹಾಯಿಯನ್ನು ಅಂಗಡಿಯ ಹಿಂದಿನ ಹೊಲಿಗೆ ಯಂತ್ರದಲ್ಲಿ ಯಜಮಾನರೇ ಹೊಲಿದುಕೊಡುತ್ತಿದ್ದರು, ಬೋರ್ಡಿನ ತೂತಿಗೆ ರಾಳ ಹಾಕಿ ಉಜ್ಜುವುದನ್ನು ನಾವೇ ಕಲಿತಿದ್ದೆವು. ಈಗಿನ ಬೋರ್ಡುಗಳಲ್ಲಿ ಹೆಚ್ಚಿನವು ಥಾಯ್ಲೆಂಡಿನ ಕೋಬ್ರಾ ಎಂಬ ಒಂದೇ ಕಾರ್ಖಾನೆಯಿಂದ ಬೇರೆ ಬೇರೆ ಕಂಪನಿಗಳ ಹೆಸರು ಹೊತ್ತು ಬರುತ್ತವೆ. ಕೆಲಸ ಅಚ್ಚುಕಟ್ಟು, ತೆಳ್ಳಗಿನ ಪದರಗಳ ಮೈ ಹಗುರ; ಬಂಡೆಗೆ ತಾಗಿ ಒಳಗಿನ ಪದರ ಬಿಟ್ಟುಕೊಂಡರೆ ಮಾತ್ರ ಮನೆಯಲ್ಲಿ ಮಾಡುವ ರಿಪೇರಿ ನಿಲ್ಲುವುದಿಲ್ಲ. ಇದು ನಷ್ಟವೇ ಎಂದರೆ ನಷ್ಟವೇ. ಆದರೆ ರಾಳದ ವಾಸನೆಯಲ್ಲಿ ಕಳೆದ ಸಂಜೆಗಳನ್ನು ಚಂದ ಎಂದು ಹೇಳಿಕೊಳ್ಳಲು ನಾನು ತಯಾರಿಲ್ಲ. ಆ ಸಂಜೆಗಳಲ್ಲಿ ಹೊರಗೆ ಗಾಳಿ ಬೀಸುತ್ತಿರುತ್ತಿತ್ತು, ನಾನು ಒಳಗೆ ಬೋರ್ಡ್ ಉಜ್ಜುತ್ತಿರುತ್ತಿದ್ದೆ.

ಮೇಷ್ಟ್ರ ದೊಡ್ಡ ದುಃಖ ಬೇರೆ: ಜನ ಇಲ್ಲ. ಆಗ ನೈಋತ್ಯ ಗಾಳಿಯ ಭಾನುವಾರ ಕಡಲಂಚಿನ ಪಾರ್ಕಿಂಗಿನಲ್ಲಿ ಜಾಗ ಸಿಗುತ್ತಿರಲಿಲ್ಲ. 2000ದ ನಂತರ ಗಾಳಿಪಟ ಹಿಡಿದ ಕೈಟ್‌ಸರ್ಫಿಂಗ್ ಬಂತು, ಅರ್ಧ ಜನ ಅತ್ತ ಹೋದರು. ಈಚಿನ ಐದಾರು ವರ್ಷಗಳಲ್ಲಿ ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ ಹಿಡಿದು, ಬೋರ್ಡಿನ ಕೆಳಗೆ ನೀರಿನಲ್ಲಿ ಮುಳುಗಿದ ಫಾಯಿಲ್ ಕಟ್ಟಿಕೊಂಡು ತೇಲಿಹೋಗುವ ವಿಂಗ್ ಫಾಯಿಲ್ ಬಂದು ಉಳಿದವರಲ್ಲಿ ಅರ್ಧ ಹೋದರು. ಒಲಿಂಪಿಕ್ಸ್‌ನಲ್ಲೂ 1984ರಿಂದ ಇರುವ ವಿಂಡ್‌ಸರ್ಫಿಂಗ್ 2024ರಲ್ಲಿ ಫಾಯಿಲ್ ಮೇಲೇರಿತು. ಹೋದವರು ಸೋಮಾರಿಗಳು ಎಂದು ಮೇಷ್ಟ್ರು ಬೈಯುತ್ತಾನೆ. ನನಗೆ ಹಾಗನಿಸುವುದಿಲ್ಲ. ತೊಂಬತ್ತರ ದಶಕದ ಸಾಮಾನು ಹಿಡಿದು ಕಲಿಯಲು ಬಂದವರನ್ನು ನಾವು ಎಂಥ ಹೊಡೆತಕ್ಕೆ ಒಡ್ಡುತ್ತಿದ್ದೆವು ಎಂದು ನೆನೆದರೆ ಅಷ್ಟು ವರ್ಷ ಅಷ್ಟು ಜನ ಉಳಿದದ್ದೇ ಹೆಚ್ಚು. ಹಾಯಿ ಗಾಳಿ ಬಿಡಲು ಪೂರ್ತಿ ಕಲಿಯುವ ಹೊತ್ತಿಗೆ ಬಹಳ ಮಂದಿ ಆಟ ಬಿಟ್ಟಾಗಿತ್ತು.

ಡಾರ್ಬಿ ನಗರದಲ್ಲಿ ವಿಮಾನದ ಎಂಜಿನ್ ಕೆಲಸ ಮಾಡುವ ಅಕ್ಕನ ಮಗ ಆ ದಿನ ನೋಡಲೆಂದು ಬಂದಿದ್ದ. ಬಟ್ಟೆ ಬದಲಿಸುವಾಗ ಕೇಳಿದ: ‘ಮಾವ, ನಿಮಗೆ ಅರವತ್ತು ದಾಟ್ತು. ಇನ್ನೂ ಈ ಗಾಳಿಗೆ ಇಳಿಯೋಕೆ ಆಗತ್ತೆ ಅಂದ್ರೆ ಅದು ನಿಮ್ಮ ಅಭ್ಯಾಸವೋ ಸಾಮಾನೋ?’

‘ಸಾಮಾನೇ ಕಣೋ. ಹಳೇದು ಹಿಡ್ಕೊಂಡು ಹೋಗಿದ್ದು ನೋಡಿದ್ಯಲ್ಲ, ಎಷ್ಟು ಹೊತ್ತು ಇದ್ದೆ?’

ಅವನು ನಕ್ಕ. ಆಮೇಲೆ ಬಿದ್ದಿದ್ದ ಹಳೆಯ ಹಾಯಿಯ ಲೀಚನ್ನು ಬೆರಳಲ್ಲಿ ಜಗ್ಗಿ ನೋಡಿ, ಇದೇ ಹಾಯಿಗೆ ಡೌನ್‌ಹಾಲ್ ಇನ್ನಷ್ಟು ಎಳೆದರೆ ಮೇಲ್ಭಾಗ ಸಡಿಲವಾಗುವುದಿಲ್ಲವೇ ಎಂದು ಕೇಳಿದ. ಆಗುವುದಿಲ್ಲ. ಹಾಯಿಯನ್ನು ಕತ್ತರಿಸುವಾಗಲೇ ಆ ಸಡಿಲವನ್ನು ಬಟ್ಟೆಯಲ್ಲಿ ಇಟ್ಟಿರಬೇಕು, ಅದಕ್ಕೆ ತಕ್ಕಂತೆ ಬಾಗುವ ಮಾಸ್ಟೂ ಇರಬೇಕು. ಹಳೆಯದನ್ನು ಎಳೆದರೆ ಚಪ್ಪಟೆಯಾಗುತ್ತದೆ, ಇನ್ನೂ ಎಳೆದರೆ ಹರಿಯುತ್ತದೆ. ಅವನು ಎಳೆದೇ ನೋಡಿದ. ಮೋನೊಫಿಲ್ಮ್ ಹಗ್ಗ ಪೋಣಿಸುವ ಕೆಳಗಿನ ಕಣ್ಣಿನಿಂದ ಎರಡನೆಯ ಬ್ಯಾಟನ್ನಿನವರೆಗೆ ಹರಿಯಿತು. ಹುಡುಗಿ ‘ಪರವಾಗಿಲ್ಲ ಬಿಡಿ, ಅಟ್ಟದಲ್ಲಿ ಜಾಗ ಆಯ್ತು’ ಎಂದಳು. ಮೇಷ್ಟ್ರು ಮಾತಾಡಲಿಲ್ಲ.

ಅಂಗಡಿಗೆ ಬಂದ ಮೇಲೆ ಅವಳು ಯಾವುದನ್ನು ತರಿಸಲಿ ಎಂದು ಕೇಳಿದಳು. 70 ಕಿಲೋ ಸುತ್ತಮುತ್ತ ಇರುವವರಿಗೆ, ಗಾಳಿ ಹದವಾಗಿರುವ ಕಡೆ ಹೋಗುವವರಿಗೆ ಮೂರು ಬ್ಯಾಟನ್ನಿನದು ಸರಿ. ರೋಸ್ನೈಗರ್‌ನಲ್ಲೇ ಇರುವವರಿಗೆ, ಮೇಷ್ಟ್ರಂಥ ದಪ್ಪ ಮನುಷ್ಯರಿಗೆ ನಾಲ್ಕೇ ಇರಲಿ ಎಂದೆ. ನಾಲ್ಕು ಬ್ಯಾಟನ್ನಿನವನ್ನು ಆಗಲೇ ತರಿಸಿಯಾಗಿದೆ, ಮೂರರದ್ದಕ್ಕೆ ಮಾತ್ರ ನಿಮ್ಮನ್ನು ಕೇಳಿದ್ದು ಎಂದಳು. ನನಗೊಂದು 4.5 ಬೇಕಿತ್ತು. ಹೊಸದರ ಬೆಲೆ ಕೇಳಿ, ಹೋದ ವರ್ಷದ ಮಾದರಿ ಉಳಿದಿದೆಯೇ ಎಂದೆ. ಒಂದಿತ್ತು. ಬಣ್ಣ ಬೇರೆ, ಕತ್ತರಿಸಿದ್ದು ಅದೇ ಅಚ್ಚಿನಲ್ಲಿ. ಅಪ್ಪನ ಕಾಲದ ಗಿರಾಕಿ ಎಂದು ಇನ್ನಷ್ಟು ಇಳಿಸಿಕೊಡುತ್ತಾಳೇನೋ ಎಂದು ಕಾದೆ. ಅವಳು ಕಾರ್ಡ್ ಯಂತ್ರ ಮುಂದೆ ತಳ್ಳಿ ಪೇಟೆಂಟಿನ ಕತೆ ಶುರುಮಾಡಿದಳು.